ಆರು ಬೆರಳಿನ ಕಾಲು, ಆರು ಗಂಟೆಯ ಪಾಠ

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷದವರಿಗೆ ಪಾಠ ಮಾಡುತ್ತೇನೆ. ಈ ಸಲ ಡಿಜಿಟಲ್ ಸಾಕ್ಷರತೆ ಮತ್ತು ಸೋಷಿಯಲ್ ಮೀಡಿಯಾ ಬಗ್ಗೆ ಆರು ಗಂಟೆ ಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಕ್ಕಳಿಗೆ ಫೋನ್ ನನಗಿಂತ ಚೆನ್ನಾಗಿ ಗೊತ್ತು. ನಾನು ಇನ್‌ಸ್ಟಾಗ್ರಾಮ್‌ನಲ್ಲೇ ಇಲ್ಲ. ಪಿಪಿಟಿ ಹಾಕಿ 'ಹೀಗೆ ಮಾಡಿ, ಹಾಗೆ ಮಾಡಬೇಡಿ' ಅಂದರೆ ಯಾರೂ ಕೇಳಲ್ಲ ಅಂತಲೂ ಗೊತ್ತು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಭಯ ಬಿಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಇಲ್ಲದಿದ್ದರೆ ಏನೂ ನಷ್ಟವಿಲ್ಲ. ಮಕ್ಕಳಿಗೆ ಫೋನ್ ಗೊತ್ತು ಅನ್ನೋದು ಅರ್ಧ ನಿಜ. ಬೆರಳು ಓಡಿಸಲು ಗೊತ್ತು, ರೀಲ್‌ಗೆ ಹಾಡು ಕೂರಿಸಲು ಗೊತ್ತು. ಆದರೆ ಕೈಗೆ ಬಂದ ಮಾತು ಎಲ್ಲಿಂದ ಹೊರಟು ಬಂತು, ತಮ್ಮ ಕೈಯಿಂದ ಹೋದದ್ದು ಯಾರ ಮನೆ ಬಾಗಿಲು ತಟ್ಟುತ್ತದೆ, ಈ ಎರಡು ಗೊತ್ತಿಲ್ಲ. ನಿಮ್ಮ ಆರು ಗಂಟೆ ಈ ಎರಡಕ್ಕೇ ಸಾಲುವುದು ಕಷ್ಟ. ಆ್ಯಪ್ ಹೇಗೆ ಬಳಸಬೇಕು ಅನ್ನೋದಕ್ಕೆ ಒಂದು ನಿಮಿಷವನ್ನೂ ಕೊಡಬೇಡಿ.

ಒಂದು ಕಥೆ ಹೇಳುತ್ತೇನೆ. ನಾನು ಕೆಲವು ವರ್ಷ ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿಗೆ ಬಂದಿದ್ದ ಒಬ್ಬ ಹೌಸ್ ಸರ್ಜನ್ (ಓದು ಮುಗಿಸಿ ತರಬೇತಿಯಲ್ಲಿರುವ) ಹುಡುಗ ತುಂಬಾ ಚುರುಕು. ಕೊಳಕುಮಂಡಲ ಹಾವು ಕಚ್ಚಿದ ಒಬ್ಬ ಹಿರಿಯರನ್ನು ರಾತ್ರಿಯೆಲ್ಲಾ ನಿದ್ದೆಗೆಟ್ಟು ನೋಡಿಕೊಂಡ. ಬೆಳಿಗ್ಗೆ ಊತ ಇಳಿದಿತ್ತು. ಖುಷಿಯಲ್ಲಿ ಕಾಲಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ. ಮುಖ ಇಲ್ಲ, ಹೆಸರಿಲ್ಲ, ಊರಿಲ್ಲ. 'ಬದುಕಿದ ಪುಣ್ಯಾತ್ಮ' ಅಂತ ಒಂದು ಸಾಲು, ಅಷ್ಟೇ. ನಾನೂ ನೋಡಿದೆ. ನನಗೂ ಏನೂ ತಪ್ಪು ಕಾಣಲಿಲ್ಲ, ಇದನ್ನು ನೀವು ಗಮನಿಸಬೇಕು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಅವರ ಮಗಳ ಫೋನ್ ಬಂತು, ಅಳುತ್ತಾ. ಆಕೆ ತುಂಬು ಬಸುರಿ. ಗಾಬರಿಯಾಗಬಾರದು ಅಂತ ಮನೆಯವರು ವಿಷಯ ಮುಚ್ಚಿಟ್ಟಿದ್ದರು. ಸ್ಟೇಟಸ್ ನೋಡಿದ ಯಾರೋ ಗೆಳತಿ ಕೇಳಿದ್ದಳಂತೆ, 'ನಿನ್ನ ಅಪ್ಪನಿಗೆ ಏನಾಯ್ತೇ?' ಅಂತ. ಹೇಗೆ ಗೊತ್ತಾಯಿತು? ಆ ಕಾಲಿಗೆ ಆರು ಬೆರಳು. ಇಡೀ ಊರಿಗೆ ಗೊತ್ತಿರುವ ಕಾಲು ಅದು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. 'ಮುಖ ಹಾಕಿರಲಿಲ್ಲ ಸರ್' ಅಂದ. ಅವನಿಗೆ ಯಾರೋ ಹೇಳಿಕೊಟ್ಟಿದ್ದ ನಿಯಮ ಅದೊಂದೇ: ಮುಖ ಮುಚ್ಚು, ಹೆಸರು ತೆಗಿ. ಅದು ದೊಡ್ಡ ಊರಿನ ನಿಯಮ. ಬೆಂಗಳೂರಿನಲ್ಲಿ ಒಂದು ಕಾಲು ಅಂದರೆ ಬರೀ ಒಂದು ಕಾಲು. ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 5.5 ಲಕ್ಷ. ಅದರಲ್ಲೂ ಮನೆ ಹೆಸರು ಹೇಳಿದರೆ ಯಾರ ಮಗ, ಯಾರ ಅಳಿಯ, ಯಾವ ತೋಟ ಅಂತ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಅಮ್ಮತ್ತಿಯಲ್ಲಿ ಕೆಮ್ಮಿದರೆ ಸಿದ್ದಾಪುರದಲ್ಲಿ ಕಷಾಯಕ್ಕೆ ನೀರಿಡುವ ಜಿಲ್ಲೆ ಇದು. ನಿಮ್ಮ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಹೊರಗಿನಿಂದ ಬಂದವರಿರುತ್ತಾರೆ, ಅವರಿಗೆ ಜಿಲ್ಲೆ ಇಷ್ಟು ಸಣ್ಣದು ಅನ್ನುವ ಅಂದಾಜೇ ಇರುವುದಿಲ್ಲ. ಹಾಗಾಗಿ ಶುರು ಅಲ್ಲಿಂದಲೇ ಮಾಡಿ.

ಮೊದಲ ಗಂಟೆಗೆ ಒಂದು ಆಟ ಆಡಿಸಿ. ಬೋರ್ಡ್ ಮೇಲೆ ಒಂದು ಕಟ್ಟುಕತೆ ಕೇಸ್ ಬರೆಯಿರಿ: '62 ವರ್ಷ, ನಿವೃತ್ತ ಸುಬೇದಾರ್, ಪೊನ್ನಂಪೇಟೆ ಕಡೆಯವರು, ಸೋಮವಾರ ಬೆಳಿಗ್ಗೆ ತೋಟದಲ್ಲಿ ಆನೆ ದಾಳಿ, ತೊಡೆ ಮೂಳೆ ಮುರಿದಿದೆ.' ಹೆಸರಿಲ್ಲ ತಾನೇ? ಈಗ ಕೊಡಗಿನ ಹುಡುಗ ಹುಡುಗಿಯರನ್ನು ಕೇಳಿ, ಇದು ನಿಜವಾಗಿದ್ದರೆ ಯಾರು ಅಂತ ಕಂಡುಹಿಡಿಯಲು ಎಷ್ಟು ಫೋನ್ ಬೇಕು? ಒಂದು ಸಾಕು ಅನ್ನುತ್ತಾರೆ. ಆಮೇಲೆ ಒಂದೊಂದೇ ಪದ ಅಳಿಸಲು ಹೇಳಿ. ಸುಬೇದಾರ್ ಹೋಯಿತು. ಊರು ಹೋಯಿತು. ವಯಸ್ಸು ಹೋಯಿತು. ಆದರೂ ಸೋಮವಾರ ಮತ್ತು ಆನೆ ಉಳಿದಿವೆಯಲ್ಲ, ಮಂಗಳವಾರದ ಪೇಪರಿನಲ್ಲಿ ಉಳಿದದ್ದೆಲ್ಲಾ ಇರುತ್ತದೆ. ಸರಿ, ಆನೆಯನ್ನೂ ಅಳಿಸಿ ಅಂದರೆ ಮಕ್ಕಳು ನಗುತ್ತಾರೆ, ಯಾಕೆಂದರೆ ಆನೆ ಹೋದರೆ ಹೇಳಲು ಕಥೆಯೇ ಇಲ್ಲ, ಬರೀ ತೊಡೆ ಮೂಳೆ. ಅಲ್ಲಿಗೇ ನಿಲ್ಲಿಸಿ. ಕೆಲವು ಕೇಸ್‌ಗಳನ್ನು ಗುರುತು ಅಳಿಸಿ ಹಾಕಲು ಆಗುವುದೇ ಇಲ್ಲ, ಹಾಕದೇ ಇರುವುದೊಂದೇ ದಾರಿ. ಇದನ್ನು ನೀವು ಹೇಳಬೇಕಾಗಿಲ್ಲ, ಬೋರ್ಡ್ ಹೇಳಿರುತ್ತದೆ.

ಎರಡನೆಯದು ಇನ್ನೂ ಸುಲಭ. ಎಲ್ಲರಿಗೂ ಫೋನ್ ತೆಗೆಯಲು ಹೇಳಿ, ಗ್ಯಾಲರಿ ತೆರೆಯಲಿ. ನಿಮಗೆ ತೋರಿಸಬೇಕಾಗಿಲ್ಲ, ಪಕ್ಕದವರಿಗೂ ಬೇಡ. ಅದರಲ್ಲಿ ರೋಗಿಯ ಫೋಟೋ, ಎಕ್ಸ್‌ರೇ, ಕೇಸ್ ಶೀಟ್, ಲ್ಯಾಬ್ ರಿಪೋರ್ಟ್ ಎಷ್ಟಿವೆ ಅಂತ ಎಣಿಸಿ ಚೀಟಿಯಲ್ಲಿ ಸಂಖ್ಯೆ ಮಾತ್ರ ಬರೆದು ಕೊಡಲಿ, ಹೆಸರು ಬೇಡ. ಚೀಟಿಗಳನ್ನು ಕೂಡಿಸಿ ಒಟ್ಟು ಸಂಖ್ಯೆಯನ್ನು ಬೋರ್ಡ್ ಮೇಲೆ ಬರೆಯಿರಿ. ಕ್ಲಾಸ್ ತಣ್ಣಗಾಗುತ್ತದೆ. ನಾನು ಇದನ್ನು ಮೊದಲ ಸಲ ಮಾಡಿದಾಗ ನನ್ನ ಫೋನ್‌ನಲ್ಲೇ 40ಕ್ಕಿಂತ ಜಾಸ್ತಿ ಇದ್ದವು, ಅದನ್ನೂ ಹೇಳಿದೆ. ನೀವೂ ನಿಮ್ಮದನ್ನು ಎಣಿಸಿ ಹೇಳಿ. ಇಲ್ಲದಿದ್ದರೆ ಇದು ಪೊಲೀಸ್ ತಪಾಸಣೆ ಥರ ಆಗುತ್ತದೆ.

ಆಮೇಲೆ ಆ ಫೋಟೋಗಳು ಎಲ್ಲೆಲ್ಲಿ ಇವೆ ಅಂತ ಕೇಳಿ. ಫೋನ್‌ನಲ್ಲಿ ಮಾತ್ರವಾ? ಬ್ಯಾಕಪ್ ಆನ್ ಇದ್ದರೆ ಗೂಗಲ್ ಫೋಟೋಸ್‌ಗೆ ಹೋಗಿರುತ್ತದೆ. ಅದೇ ಅಕೌಂಟ್ ಮನೆಯ ಟ್ಯಾಬ್‌ನಲ್ಲೂ ಇದ್ದರೆ ಅಲ್ಲೂ ಬಂದಿರುತ್ತದೆ. ಒಬ್ಬಳು ವಿದ್ಯಾರ್ಥಿನಿ ಹೇಳಿದ್ದಳು, ಅವಳ ಅಮ್ಮ ಮೊಮ್ಮಗುವಿನ ಫೋಟೋ ಹುಡುಕುತ್ತಾ ಕೊಳೆತ ಹೆಬ್ಬೆರಳು ನೋಡಿ ಟ್ಯಾಬ್ ಕೆಳಗೆ ಹಾಕಿದರಂತೆ. ಇನ್ನೊಂದು ವಿಷಯ. ಲೊಕೇಶನ್ ಆನ್ ಇದ್ದರೆ ಫೋನ್ ಕ್ಯಾಮೆರಾ ಫೋಟೋದೊಳಗೇ ಜಾಗ ಮತ್ತು ಸಮಯ ಬರೆದಿಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಉದುರಿಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಎಕ್ಸ್‌ರೇ ಸ್ಪಷ್ಟವಾಗಿ ಕಾಣಲಿ ಅಂತ ಜನ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತಾರೆ, ಅಲ್ವಾ? ಇದನ್ನು ಕ್ಲಾಸಿನಲ್ಲೇ ಮಾಡಿ ತೋರಿಸಿ. ಗಿಡದ ಫೋಟೋ ತೆಗೆದು ಎರಡೂ ಥರ ಕಳಿಸಿ, ಮಕ್ಕಳೇ ವಿವರ ತೆಗೆದು ನೋಡಲಿ. ಎರಡು ನಿಮಿಷದ ಕೆಲಸ.

ಕಾನೂನಿಗೆ ಜಾಸ್ತಿ ಹೊತ್ತು ಬೇಡ, ಆದರೆ ತಪ್ಪು ಹೇಳಬೇಡಿ. ವೈದ್ಯರ ನಡತೆಗೆ ಸಂಬಂಧಿಸಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮ ಹೊರಡಿಸಿತು, ಅದರಲ್ಲಿ ಸೋಷಿಯಲ್ ಮೀಡಿಯಾಗೇ ಒಂದು ಭಾಗ ಇತ್ತು. ಅದೇ ತಿಂಗಳ 23ಕ್ಕೆ ಅದನ್ನು ತಡೆಹಿಡಿದು ಹಳೆಯ 2002ರ ನಿಯಮಕ್ಕೇ ವಾಪಸ್ ಹೋದರು. 2023ರದ್ದನ್ನು ಒಳ್ಳೆಯ ಓದು ಅಂತ ಕೊಡಿ, ಜಾರಿಯಲ್ಲಿರುವ ನಿಯಮ ಅಂತ ಹೇಳಿ ಕೊಡಬೇಡಿ. 2002ರಲ್ಲಿ ಇನ್‌ಸ್ಟಾಗ್ರಾಮ್ ಎಲ್ಲಿತ್ತು? ಆದರೂ ಗುರುತು ಸಿಗುವ ಹಾಗೆ ರೋಗಿಯ ಫೋಟೋ ಅಥವಾ ಕೇಸ್ ವಿವರವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಅಂತ ಅದರಲ್ಲಿ ಇದೆ. ಮಾನಸಿಕ ಆರೋಗ್ಯ ಮತ್ತು ಎಚ್‌ಐವಿ, ಎರಡಕ್ಕೂ 2017ರ ಬೇರೆ ಬೇರೆ ಕಾಯ್ದೆ ಇವೆ, ಅಲ್ಲಿ ಗುಟ್ಟು ಬಿಟ್ಟುಕೊಡುವುದು ಇನ್ನೂ ಗಂಭೀರ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿನಲ್ಲಿ ಮಗುವಿನ ಶಾಲೆ, ನೆರೆಹೊರೆಯ ಸುಳಿವು ಕೊಟ್ಟರೂ ಅಪರಾಧ. ಇಷ್ಟು ಸಾಕು.

ರೀಲ್ಸ್ ಬಗ್ಗೆ ಕೇಳಿಯೇ ಕೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಗದಗದಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ 38 ಮೆಡಿಕಲ್ ವಿದ್ಯಾರ್ಥಿಗಳನ್ನು ಅಮಾನತು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತಿಂಗಳು ಚಿತ್ರದುರ್ಗ ಜಿಲ್ಲೆಯಲ್ಲಿ ಆಪರೇಷನ್ ಥಿಯೇಟರ್ ಒಳಗೆ ಪ್ರೀ ವೆಡ್ಡಿಂಗ್ ಶೂಟ್ ಮಾಡಿದ ಗುತ್ತಿಗೆ ವೈದ್ಯರ ಕೆಲಸ ಹೋಯಿತು. ಇದನ್ನು ಬೆದರಿಸಲು ಬಳಸಬೇಡಿ. ಹೆದರಿದ ಮಕ್ಕಳು ರೀಲ್ಸ್ ಬಿಡುವುದಿಲ್ಲ, ಹೆಸರು ಬದಲಿಸಿ ಇನ್ನೊಂದು ಅಕೌಂಟ್ ಮಾಡುತ್ತಾರೆ. ಅದರ ಬದಲು ಒಂದೇ ಪ್ರಶ್ನೆ ಕೊಡಿ: ಈ ವಿಡಿಯೋ ತೆಗೆದ ಹೊತ್ತಿನಲ್ಲಿ ಆ ಕಾರಿಡಾರಿನ ಬೆಂಚಿನ ಮೇಲೆ ಯಾರು ಕೂತಿದ್ದರು, ಅವರ ಮನೆಯವರು ಇದನ್ನು ನೋಡಿದರೆ ಏನಂದುಕೊಳ್ಳುತ್ತಾರೆ? ಹಾಸ್ಟೆಲ್ ಟೆರೇಸಿನಲ್ಲಿ ಕುಣಿಯಲಿ, ಯಾರು ಬೇಡ ಅಂದರು? ಹುಡುಗಿಯರಿಗೆ ಮಾತ್ರ ಒಂದು ಮಾತು ಬೇರೆಯಾಗಿ ಹೇಳಿ, ಯಾವ ಹಾಸ್ಟೆಲ್, ಎಷ್ಟು ಗಂಟೆಗೆ ಡ್ಯೂಟಿ ಬಿಡುತ್ತಾರೆ ಅನ್ನುವುದು ಗೊತ್ತಾಗುವ ವಿಡಿಯೋವನ್ನು ಅಲ್ಲಿಂದ ಹೊರಟ ಮೇಲೆ ಹಾಕಲಿ, ಆಗಲೇ ಬೇಡ.

ಈಗ ಇನ್ನೊಂದು ಕಡೆಗೆ ಬರೋಣ, ಬಂದ ಮಾತು ಎಲ್ಲಿಂದ ಬಂತು ಅನ್ನೋದು. ನನಗೆ ಇದೇ ಜಾಸ್ತಿ ಇಷ್ಟ. ನಾನು ಇದನ್ನು 'ಫಾರ್ವರ್ಡ್‌ನ ಪೋಸ್ಟ್ ಮಾರ್ಟಂ' ಅನ್ನುತ್ತೇನೆ. ಪ್ರತಿಯೊಬ್ಬರೂ ತಮ್ಮ ಮನೆಯ ಗ್ರೂಪಿಗೆ ಬಂದ ಒಂದು ಆರೋಗ್ಯದ ಮೆಸೇಜ್ ತರಲಿ, ಜೋಡಿ ಬಾಣದ ಗುರುತು ಇರುವಂಥದ್ದು. ಆ ಗುರುತು ಇದ್ದರೆ ಅದು ಐದಾರು ಕೈ ದಾಟಿ ಬಂದಿದೆ ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವ ಹಾಗೆ 2020ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಕಡಿವಾಣ ಹಾಕಿತು. ಆದರೂ ಬರುತ್ತದೆ. ಬೆಳ್ಳುಳ್ಳಿಯ ಮದ್ದು, ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಅನ್ನೋದು, ಹೆಸರಾಂತ ಡಾಕ್ಟರ ಮುಖ ಇಟ್ಟುಕೊಂಡು ಮಂಡಿನೋವಿನ ಎಣ್ಣೆ ಮಾರುವ ನಕಲಿ ವಿಡಿಯೋ. ಯಾವುದಾದರೂ ಸರಿ.

ಕ್ಲಾಸಿನಲ್ಲಿ ಅದನ್ನು ಬಿಚ್ಚುವಾಗ ಮಕ್ಕಳು ಮಾಡುವ ಮೊದಲ ತಪ್ಪು ಏನು ಗೊತ್ತಾ? ಆ ಮೆಸೇಜನ್ನೇ ಮತ್ತೆ ಮತ್ತೆ ಓದುತ್ತಾರೆ. ಭಾಷೆ ಸರಿ ಇದೆಯಾ, ಲೋಗೋ ಇದೆಯಾ, ವೆಬ್‌ಸೈಟ್ ನೀಟಾಗಿದೆಯಾ ಅಂತ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಂದು ಪ್ರಯೋಗದ ಫಲ ಹೊರಗೆ ತಂದರು. 10 ಜನ ಇತಿಹಾಸದ ಪ್ರೊಫೆಸರುಗಳು, 10 ಜನ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, ಸ್ಟ್ಯಾನ್‌ಫರ್ಡ್‌ನದ್ದೇ 25 ವಿದ್ಯಾರ್ಥಿಗಳು. ಅವರಿಗೆ ಕೊಟ್ಟ ಒಂದು ಕೆಲಸ ನಮ್ಮ ಕಸುಬಿನದ್ದೇ. ಮಕ್ಕಳ ವೈದ್ಯರ ಎರಡು ಅಮೆರಿಕನ್ ಸಂಘಗಳ ವೆಬ್‌ಸೈಟ್, ಎರಡರ ಹೆಸರೂ ಹತ್ತಿರ ಹತ್ತಿರ. ಒಂದು 'ಅಕಾಡೆಮಿ', 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ಸಂಘ. ಇನ್ನೊಂದು 'ಕಾಲೇಜ್', 2002ರಲ್ಲಿ ಅದರಿಂದ ಸಿಡಿದು ಹೋದ ಪುಟ್ಟ ಗುಂಪು. ಯಾವುದನ್ನು ನಂಬುತ್ತೀರಿ ಅಂತ ಕೇಳಿದರೆ ಎಷ್ಟೋ ವಿದ್ಯಾರ್ಥಿಗಳು ಪುಟ್ಟ ಗುಂಪಿನದ್ದೇ ಮೇಲು ಅಂದರು, ಪ್ರೊಫೆಸರುಗಳಲ್ಲೂ ಕೆಲವರು ತಡವರಿಸಿದರು. ಯಾಕೆಂದರೆ ಅವರು ಆ ಪುಟದಲ್ಲೇ ಕೂತು ಓದಿದರು. ಫ್ಯಾಕ್ಟ್ ಚೆಕರ್‌ಗಳು ಒಂದು ನಿಮಿಷವೂ ಕೂರಲಿಲ್ಲ, ಹೊಸ ಟ್ಯಾಬ್ ತೆರೆದು ಈ ಸಂಘ ಯಾರದ್ದು, ಇವರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಅಂತ ನೋಡಿದರು.

ಇದಕ್ಕೆ ಲ್ಯಾಟರಲ್ ರೀಡಿಂಗ್ ಅಂತ ದೊಡ್ಡ ಹೆಸರಿದೆ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದೇ. ಮಗಳಿಗೆ ಗಂಡು ನೋಡಲು ಹೋದಾಗ ಗಂಡಿನ ಅಮ್ಮನನ್ನೇ ಕೇಳಿ 'ನಿಮ್ಮ ಮಗ ಹೇಗೆ' ಅಂತ ತಿಳಿದುಕೊಂಡು ಬರುತ್ತಾರಾ? ಇಲ್ಲ. ಅಲ್ಲಿ ಕಾಫಿ ಕುಡಿದು, ನಗುತ್ತಾ ಎದ್ದು, ಪಕ್ಕದ ಮನೆಯಲ್ಲಿ ವಿಚಾರಿಸುತ್ತಾರೆ. ಮಕ್ಕಳಿಗೆ ಇದನ್ನು ಹೇಳಿದರೆ ತಕ್ಷಣ ಹಿಡಿಯುತ್ತಾರೆ. ಆಮೇಲೆ ಇಡೀ ವರ್ಷ 'ಪಕ್ಕದ ಮನೆಯಲ್ಲಿ ಕೇಳಿದೆಯಾ?' ಅಂದರೆ ಸಾಕು.

ಒಂದು ಮೆಸೇಜಿನ ಬೇರು ತನಕ ನೀವೇ ಕರೆದುಕೊಂಡು ಹೋಗಿ. 'ಲಸಿಕೆಯಿಂದ ಆಟಿಸಂ' ಅನ್ನುವ ಫಾರ್ವರ್ಡ್ ಇದಕ್ಕೆ ಚೆನ್ನಾಗಿದೆ. ಹಿಂದೆ ಹಿಂದೆ ಹೋದರೆ 1998ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಲೇಖನಕ್ಕೆ ಹೋಗಿ ಮುಟ್ಟುತ್ತದೆ. ಅದರಲ್ಲಿದ್ದದ್ದು ಬರೀ 12 ಮಕ್ಕಳು. 2010ರಲ್ಲಿ ಪತ್ರಿಕೆ ಅದನ್ನು ವಾಪಸ್ ಪಡೆಯಿತು, ಬರೆದ ವೇಕ್‌ಫೀಲ್ಡ್ ಅವರ ವೈದ್ಯ ನೋಂದಣಿಯೂ ಅದೇ ವರ್ಷ ಹೋಯಿತು. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟ್‌ನಲ್ಲಿ ಆ ಲೇಖನ ತೆರೆದು, ವಾಪಸ್ ಪಡೆದ ಗುರುತನ್ನು ಮಕ್ಕಳು ಕಣ್ಣಾರೆ ನೋಡಲಿ. ದೂರದ ಕಥೆ ಅಂದುಕೊಳ್ಳಬಾರದು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್ಆ್ಯಪ್ ಗಾಳಿಮಾತಿಗೇ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಇನ್ನೂ ಹತ್ತಿರದ್ದು ಬೇಕಾ? 2018ರ ಆಗಸ್ಟ್. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿಯುತ್ತಿದ್ದ ದಿನಗಳಲ್ಲೇ ಗಡಿಯ ಕುಟ್ಟ ಗೇಟ್ ಆಚೆ ಕೇರಳದಲ್ಲಿ ಪ್ರವಾಹ. ನೀರು ಇಳಿದ ಮೇಲೆ ಇಲಿಜ್ವರ ಬಂತು. ಕೆಸರಿನಲ್ಲಿ ಕೆಲಸ ಮಾಡುವವರಿಗೆ ಅದು ಬರದ ಹಾಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಔಷಧಿ ಕೊಡುತ್ತಿದ್ದರು. ಅದನ್ನು ತಿನ್ನಬೇಡಿ ಅಂತ ಒಬ್ಬ ಪ್ರಕೃತಿ ಚಿಕಿತ್ಸಕ ವಿಡಿಯೋ ಬಿಟ್ಟ, ಪೊಲೀಸರು ಬಂಧಿಸಿದರು. ಮಲಯಾಳಂ ಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ವಿಡಿಯೋಗೆ ಗೇಟ್ ಇಲ್ಲ.

ದೊಡ್ಡ ಪತ್ರಿಕೆಯಲ್ಲಿ ಬಂದದ್ದೆಲ್ಲಾ ನಿಜ ಅಂತ ಮಕ್ಕಳು ಇನ್ನೊಂದು ಅತಿಗೆ ಹೋಗದಿರಲಿ. 2020ರ ಮೇ 22ಕ್ಕೆ ಅದೇ ಲ್ಯಾನ್ಸೆಟ್‌ನಲ್ಲಿ ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ಬಗ್ಗೆ ಬಂದ ಲೇಖನ ಜೂನ್ 4ಕ್ಕೇ ವಾಪಸ್ ಹೋಯಿತು, ಅಂಕಿಅಂಶ ತೋರಿಸಿ ಅಂದರೆ ತೋರಿಸುವವರೇ ಇರಲಿಲ್ಲ. ಎರಡು ವಾರದೊಳಗೆ ಸಿಕ್ಕಿಬಿದ್ದದ್ದು ಒಳ್ಳೆಯ ಸುದ್ದಿ, ಅದನ್ನೂ ಹೇಳಿ.

ಎಐ ಬಗ್ಗೆ ಒಂದೇ ಪ್ರಯೋಗ ಸಾಕು. ಚಾಟ್‌ಬಾಟ್‌ಗೆ 'ಹಂಪ್ ನೋಸ್ಡ್ ಪಿಟ್ ವೈಪರ್ ಕಡಿತದ ಚಿಕಿತ್ಸೆಗೆ ಐದು ಸಂಶೋಧನಾ ಲೇಖನ ಕೊಡು' ಅಂತ ಕೇಳಲಿ, ಕೊಟ್ಟ ಐದನ್ನೂ ಪಬ್‌ಮೆಡ್‌ನಲ್ಲಿ ಹುಡುಕಲಿ. ಇಲ್ಲದ ಲೇಖನಕ್ಕೂ ಹೆಸರು, ಪತ್ರಿಕೆ, ಪುಟ ಸಂಖ್ಯೆ ಕೊಟ್ಟುಬಿಡುವ ಚಾಳಿ ಇವಕ್ಕೆ ಇದೆ. ಈ ಹಾವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಕಾಫಿ ತೋಟದ ತರಗೆಲೆಯಲ್ಲಿ ಇರುವ ಹಾವು ಇದು, ನೋಡಲು ಗರಗಸ ಮಂಡಲದ ಹಾಗೆ ಕಾಣಿಸಿ ಮೋಸ ಮಾಡುತ್ತದೆ. ನಮ್ಮಲ್ಲಿ ಸಿಗುವ ಆ್ಯಂಟಿವೆನಂ ನಾಲ್ಕು ಹಾವಿಗೆ ಮಾತ್ರ, ಅದರಲ್ಲಿ ಇದು ಇಲ್ಲ. ಹಾವಿನ ಫೋಟೋ ಗೂಗಲ್ ಲೆನ್ಸ್‌ಗೆ ಹಾಕಿ ಬಂದ ಹೆಸರನ್ನು ನಂಬಿ ಇಂಜೆಕ್ಷನ್ ತೀರ್ಮಾನ ಮಾಡಿದರೆ ಏನಾಗಬಹುದು ಅಂತ ಮಕ್ಕಳೇ ಯೋಚಿಸಲಿ. ಪೂರ್ತಿ ಲೇಖನ ಎಲ್ಲಿ ಸಿಗುತ್ತದೆ ಅನ್ನುವ ಪಾಠವನ್ನು ನಿಮ್ಮ ಲೈಬ್ರರಿಯವರಿಗೆ ಬಿಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಹೆಲಿನೆಟ್ ಇದೆ, 2025ರ ಜನವರಿಯಿಂದ ಸರಕಾರಿ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆ ಓದಲು ಕೇಂದ್ರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆ. ಅರ್ಧ ಗಂಟೆ ಅವರೇ ತೋರಿಸಲಿ, ಅವರಿಗೂ ಖುಷಿ.

ಇನ್ನು, ಯಾವ ಪಿಪಿಟಿಯಲ್ಲೂ ನಾನು ನೋಡದ ಒಂದು ಸಮಸ್ಯೆ. ಮೊದಲ ವರ್ಷದಿಂದಲೇ ಮಕ್ಕಳು ಕೆಲವು ಮನೆಗಳ ಆರೋಗ್ಯ ನೋಡಿಕೊಳ್ಳುವ ಕುಟುಂಬ ದತ್ತು ಕಾರ್ಯಕ್ರಮಕ್ಕೆ ಹಳ್ಳಿಗೆ ಹೋಗುತ್ತಾರಲ್ಲ, ಅಲ್ಲಿ ಫೋನ್ ನಂಬರ್ ಕೊಟ್ಟು ಬರುತ್ತಾರೆ. ಆಮೇಲೆ 19 ವರ್ಷದ ಹುಡುಗಿಗೆ ರಾತ್ರಿ ಹತ್ತಕ್ಕೆ 'ಡಾಕ್ಟ್ರೇ, ಮಗುವಿಗೆ ಜ್ವರ, ಮನೆಯಲ್ಲಿ ಈ ಸಿರಪ್ ಇದೆ, ಎಷ್ಟು ಹಾಕಲಿ?' ಅಂತ ಫೋಟೋ ಬರುತ್ತದೆ. ಡಾಕ್ಟ್ರೇ ಅಂದ ಕೂಡಲೇ ಮನಸ್ಸು ಉಬ್ಬುತ್ತದೆ, ಸುಳ್ಳು ಯಾಕೆ, ನಮಗೂ ಆ ವಯಸ್ಸಿನಲ್ಲಿ ಉಬ್ಬಿತ್ತು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನ್‌ನಲ್ಲಿ ಸಲಹೆ ಕೊಡಬಹುದಾದವರು ನೋಂದಾಯಿತ ವೈದ್ಯರು ಮಾತ್ರ, ವಿದ್ಯಾರ್ಥಿ ಅಲ್ಲ. ಆದರೆ 'ಉತ್ತರ ಕೊಡಬೇಡಿ' ಅಂತ ಕಲಿಸಿದರೆ ಅದು ಇನ್ನೂ ಕೆಟ್ಟದ್ದು, ಆ ಅಮ್ಮ ಮೆಸೇಜ್ ನೋಡುತ್ತಾ ಬೆಳಗಿನ ತನಕ ಕಾಯುತ್ತಾಳೆ. ಹಾಗಾಗಿ ಉತ್ತರವನ್ನು ಬಾಯಿಪಾಠ ಮಾಡಿಸಿ: 'ಅಕ್ಕ, ನಾನಿನ್ನೂ ಓದುತ್ತಿದ್ದೇನೆ, ಔಷಧಿ ಹೇಳುವ ಹಾಗಿಲ್ಲ. ಮಗು ಹಾಲು ಕುಡಿಯುತ್ತಿಲ್ಲ, ಎಚ್ಚರ ತಪ್ಪುತ್ತಿದೆ, ಉಸಿರು ಜೋರಾಗಿದೆ ಅಂದರೆ ಈಗಲೇ 108ಕ್ಕೆ ಮಾಡಿ. ಇಲ್ಲದಿದ್ದರೂ ಆಶಾ ಅಕ್ಕನಿಗೆ ಈಗಲೇ ಫೋನ್ ಮಾಡಿ ಕೇಳಿ, ಬೆಳಿಗ್ಗೆ ಪಿಎಚ್‌ಸಿಗೆ ಕರೆದುಕೊಂಡು ಹೋಗಿ. ಏನಾಯಿತು ಅಂತ ನನಗೂ ತಿಳಿಸಿ.' ಇಬ್ಬಿಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ, ಒಬ್ಬರು ಅಮ್ಮ, ಒಬ್ಬರು ವಿದ್ಯಾರ್ಥಿ. ಅಮ್ಮನ ಪಾತ್ರ ಮಾಡುವವರು ಮೂರು ಸಲ ಒತ್ತಾಯ ಮಾಡಲೇಬೇಕು ಅಂತ ನಿಯಮ ಇಡಿ, ನಿಜ ಜೀವನದಲ್ಲಿ ಹಾಗೇ ಆಗೋದು.

ಆದಿವಾಸಿಗಳ ಹಾಡಿಗೆ ಕ್ಯಾಂಪ್ ಹೋಗುವ ಮೊದಲು ಸೆಲ್ಫಿ ವಿಷಯ ಮಾತಾಡಿ. ಯರವ, ಜೇನು ಕುರುಬ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ಬಿಳಿ ಕೋಟು ಹಾಕಿ, ಒಂದು ಫೋಟೋ. ಎಲ್ಲರ ಹತ್ತಿರವೂ ಇದೆ. 2023ರ ಜುಲೈ 1ರಿಂದ ಸಿಕಲ್ ಸೆಲ್ ಅನ್ನುವ, ವಂಶದಲ್ಲಿ ಬರುವ ರಕ್ತದ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ, ತಪಾಸಣೆ ಆಗುತ್ತಿದೆ. ಹದಿನಾರು ವರ್ಷದ ಹುಡುಗಿ ರಕ್ತ ಕೊಡುತ್ತಿರುವ ಫೋಟೋಗೆ 'ಸಿಕಲ್ ಸೆಲ್ ಕ್ಯಾಂಪ್' ಅಂತ ಬರೆದು ಹಾಕಿದರೆ, ಅವಳ ರಿಪೋರ್ಟ್ ಏನೇ ಬರಲಿ, ನಾಳೆ ಮದುವೆ ಮಾತಿನಲ್ಲಿ ಯಾರೋ ಆ ಫೋಟೋ ತೆಗೆಯುತ್ತಾರೆ. 'ಕೇಳಿದೆ ಸರ್, ಒಪ್ಪಿದರು' ಅನ್ನುತ್ತಾರೆ ಮಕ್ಕಳು. ಬಿಳಿ ಕೋಟು ಹಾಕಿದವರು, ಔಷಧಿ ಕೊಡುವವರು ಕೇಳಿದಾಗ ಬೇಡ ಅನ್ನುವ ಧೈರ್ಯ ಯಾರಿಗಿದೆ ಮಾರಾಯ್ರೇ? ನನ್ನ ಮಾತು ಸ್ವಲ್ಪ ಗಟ್ಟಿ ಅನಿಸಬಹುದು, ಆದರೆ ಕ್ಯಾಂಪಿನಲ್ಲಿ ಜನರ ಫೋಟೋ ಬೇಡವೇ ಬೇಡ. ವ್ಯಾನ್ ತೆಗೆಯಲಿ, ಬ್ಯಾನರ್ ತೆಗೆಯಲಿ, ಮಳೆಯಲ್ಲಿ ಹೂತುಹೋದ ಟೈರ್ ತೆಗೆಯಲಿ.

ಬರೀ ಬೇಡ ಬೇಡ ಅಂತ ಆರು ಗಂಟೆ ಕಳೆಯಬಾರದಲ್ಲ. ಕೊನೆಯ ಎರಡು ಗಂಟೆ ಅವರಿಂದಲೇ ಏನಾದರೂ ಮಾಡಿಸಿ. ಪೋಸ್ಟರ್ ಬೇಡ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಪೋಸ್ಟರ್ ಓದುವವರು ಕಡಿಮೆ, ವಾಯ್ಸ್ ಮೆಸೇಜ್ ಎಲ್ಲರೂ ಕೇಳುತ್ತಾರೆ. ಹಾವು ಕಚ್ಚಿದರೆ ಏನು ಮಾಡಬೇಕು ಅಂತ 60 ಸೆಕೆಂಡಿನ ಒಂದು ಧ್ವನಿ ಸಂದೇಶ. ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ 2024ರ ಫೆಬ್ರವರಿಯಲ್ಲಿ ಘೋಷಿಸಿದ್ದಾರೆ, ವಿಷಯಕ್ಕೆ ತೂಕ ಇದೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ, ಈಗ ತೋಟಗಳಲ್ಲಿ ಅಸ್ಸಾಂನವರೂ ಇದ್ದಾರೆ, ಹಿಂದಿಯಾದರೂ ಇರಲಿ. ಹೊರಗಿನಿಂದ ಬಂದ ಮಕ್ಕಳು, ಊರಿನ ಮಕ್ಕಳು ಒಂದೇ ಗುಂಪಿನಲ್ಲಿ ಕೂತು ಮಾಡಲಿ.

ನಾನು ಇದನ್ನು ಮಾಡಿಸಿದಾಗ ಆದದ್ದು ಹೇಳುತ್ತೇನೆ. ಒಂದು ಗುಂಪು ಮೊದಲು ಬರೆದು ತಂದದ್ದು: 'ಸರ್ಪದಂಶವಾದಲ್ಲಿ ಬಾಧಿತ ಅಂಗವನ್ನು ನಿಶ್ಚಲಗೊಳಿಸಿ.' ಕ್ಯಾಂಟೀನಿನ ಅಕ್ಕನಿಗೆ ಕೇಳಿಸಿದರು. ಅವರು 'ಅದೇನು, ಔಷಧಿ ಹೆಸರಾ?' ಅಂದರು. ಎರಡನೇ ಸಲ ತಿದ್ದಿದರು: 'ಕಾಲು ಅಲ್ಲಾಡದ ಹಾಗೆ ಪಟ್ಟಿ ಇಟ್ಟು ಕಟ್ಟಿ.' ಅಕ್ಕ ತಲೆಯಾಡಿಸಿದರು. ಈಗ ಏನು ಮಾಡುತ್ತೀರಿ ಅಂತ ಕೇಳಿದರೆ, 'ಹಗ್ಗದಲ್ಲಿ ಮೇಲೆ ಬಿಗಿಯಾಗಿ ಕಟ್ಟುತ್ತೀನಿ, ವಿಷ ಏರದ ಹಾಗೆ' ಅಂದರು. ಯಾವುದನ್ನು ಮಾಡಬಾರದೋ ಅದೇ! 'ಕಟ್ಟಿ' ಅನ್ನುವ ಒಂದೇ ಪದ ಅವರಿಗೆ ಕೇಳಿಸಿತ್ತು, ಯಾಕೆಂದರೆ ಮೊದಲಿನಿಂದ ಕೇಳಿಕೊಂಡು ಬಂದದ್ದು ಅದೇ. ಮೂರನೇ ಸಲ ಆ ಪದವನ್ನೇ ತಿರುಗಿಸಿದರು: 'ಹಗ್ಗ, ಬಟ್ಟೆ ಏನನ್ನೂ ಬಿಗಿಯಬೇಡಿ. ಕುಯ್ಯಬೇಡಿ, ಬಾಯಿ ಹಾಕಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ನಡೆಸಬೇಡಿ, ಮಲಗಿಸಿ ಎತ್ತಿಕೊಂಡು ಹೋಗಿ. ಹಾವು ಹಿಡಿಯಲು ಹೋಗಬೇಡಿ. ಎಷ್ಟು ಗಂಟೆಗೆ ಕಚ್ಚಿತು ನೆನಪಿಡಿ. 108ಕ್ಕೆ ಫೋನ್ ಮಾಡಿ.' ಈ ಸಲ ಅಕ್ಕ ಸರಿಯಾಗಿ ಹೇಳಿದರು. ಆ ಹುಡುಗರು ಸಂವಹನದ ಬಗ್ಗೆ ಕಲಿತಷ್ಟು ನನ್ನ ಯಾವ ಲೆಕ್ಚರಿನಲ್ಲೂ ಕಲಿತಿರಲಿಲ್ಲ.

ಕಳಿಸುವಾಗ ಕೊನೆಗೆ ಯಾರು ಮಾಡಿದ್ದು, ಯಾವ ತಿಂಗಳು ಮಾಡಿದ್ದು, ಯಾವ ಡಾಕ್ಟರ್ ನೋಡಿ ಸರಿ ಅಂದರು ಅಂತ ಧ್ವನಿಯಲ್ಲೇ ಇರಲಿ. ಬೇರೆಯವರ ಫಾರ್ವರ್ಡ್‌ನಲ್ಲಿ ಏನನ್ನು ಹುಡುಕಿದರೋ ಅದನ್ನು ತಮ್ಮದರಲ್ಲೂ ಇಡಬೇಕಲ್ಲ.

ಮಾರ್ಕ್ಸ್ ಕೊಡಬೇಕಾ ಅಂತ ಕೇಳಬಹುದು. 'ನಿಮಗೆ ಎಷ್ಟು ವಿಶ್ವಾಸ ಇದೆ' ಅಂತ ಕೇಳುವ ಪ್ರಶ್ನಾವಳಿ ಬೇಡ. ಇಂಟರ್ನೆಟ್‌ನಲ್ಲಿ ಆರೋಗ್ಯದ ಮಾಹಿತಿ ಹುಡುಕಿ ಬಳಸುವ ಜಾಣ್ಮೆಗೆ ಇಹೀಲ್ಸ್ ಅಂತ 2006ರ ಒಂದು ಎಂಟು ಪ್ರಶ್ನೆಯ ಅಳತೆ ಇದೆ, ತುಂಬಾ ಜನ ಬಳಸುತ್ತಾರೆ. ಆದರೆ ಅದು ಅಳೆಯುವುದು ನನಗೆ ಗೊತ್ತು ಅನ್ನುವ ನಂಬಿಕೆಯನ್ನು. ನನ್ನ ಅನುಭವದಲ್ಲಿ ಜಾಸ್ತಿ ವಿಶ್ವಾಸ ಇದ್ದವರೇ ಮೊದಲು ಎಡವಿದ್ದು. ಒಂದು ಹೊಸ ಫಾರ್ವರ್ಡ್ ಕೊಟ್ಟು, ಹದಿನೈದು ನಿಮಿಷ ಕೊಟ್ಟು, ಎಲ್ಲೆಲ್ಲಿ ಹೋಗಿ ವಿಚಾರಿಸಿದೆ ಅಂತ ಬರೆಸಿ. ಉತ್ತರ ತಪ್ಪಾದರೂ ದಾರಿ ಸರಿ ಇದ್ದರೆ ಪೂರ್ತಿ ಮಾರ್ಕ್ಸ್ ಕೊಡಿ. ಇದಕ್ಕೆಂದೇ ಬೇರೆ ಪೀರಿಯಡ್ ಸಿಗದಿದ್ದರೆ ಏಟ್‌ಕಾಮ್ (ವೈದ್ಯರ ನಡತೆ, ನೀತಿ, ಸಂವಹನ ಕಲಿಸುವ) ತರಗತಿಗಳಲ್ಲಿ ಸೇರಿಸಿಬಿಡಿ, ಗೋಪ್ಯತೆ ಹೇಗೂ ಅಲ್ಲಿ ಬರುತ್ತದೆ.

ಮತ್ತೆ, ಜುಲೈನಲ್ಲಿ ಇಟ್ಟುಕೊಂಡರೆ ಎಲ್ಲಾ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ನೆಟ್ ಇಲ್ಲದೆ ಡಿಜಿಟಲ್ ಸಾಕ್ಷರತೆ ಪಾಠ ಮಾಡಿದ ಅನುಭವ ನನಗಿದೆ.

ಅಂದ ಹಾಗೆ, ಆರು ಬೆರಳು ಅಂದೆನಲ್ಲ, ಅದು ನಾನು ಬದಲಿಸಿದ ವಿವರ. ಗುರುತು ಬೇರೆ, ಹಾವು ಬೇರೆ, ಮಗಳ ವಿಷಯವೂ ಬೇರೆ. ಆದರೂ ಇದನ್ನು ಬರೆದ ಮೇಲೆ ಆ ಮನೆಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು ಸುಮ್ನೆ ನಕ್ಕರು. 'ಹಾಕಿ ಡಾಕ್ಟ್ರೇ, ಇಷ್ಟು ಬದಲಿಸಿದರೆ ನನಗೇ ಗುರುತು ಸಿಗಲಿಲ್ಲ' ಅಂದರು.